ನೂರು ಡಬ್ಬಿಯಲ್ಲಿ ಅಕ್ಕನ ದನಿ

ರವಿವಾರ, ಬೆಳಗಿನ ಐದೂವರೆ. ಸ್ಥಳ: ಶಹಾಪುರದ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ತಮ್ಮ, ಹಿಂದಿನ ಸಂಜೆಯೇ ಯಾದಗಿರಿಯಿಂದ ಬಂದಿಳಿದಿದ್ದ ಅಂಗಡಿ ಸಾವ್ಕಾರರು. ಸುರಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ.

ನನ್ನ ತಮ್ಮ ಜಗತ್ತಿಗೆ ಬೇಕಾದ ಎಲ್ಲ ಯಂತ್ರಗಳನ್ನೂ ಕಂಡುಹಿಡಿದಿದ್ದಾನೆ. ಒಂದೊಂದೇ! ಯಾವುದಕ್ಕೂ ಎರಡನೆಯದು ಹುಟ್ಟಿಲ್ಲ. ಖಾರ ಕುಟ್ಟುವ ಯಂತ್ರ ಮಾಡಿದ. ಖಾರ ಒರಳಿನಲ್ಲಿ ಉಳಿಯಲಿಲ್ಲ, ಓಣಿಯವರ ಕಣ್ಣಿಗೆ ಹೋಯಿತು. ರೊಟ್ಟಿ ಬಡಿಯುವ ಯಂತ್ರ ಮಾಡಿದ. ರೊಟ್ಟಿಗಿಂತ ಹೆಚ್ಚು ಏಟು ಅವನ ಬೆರಳಿಗೇ ಬಿತ್ತು. ಅವನ ಮಿಕ್ಸರ್ ರಿಪೇರಿ ಅಂಗಡಿಯಿಂದ ಹೊಟ್ಟೆ ತುಂಬುತ್ತದೆ, ತಲೆ ತುಂಬುವುದಿಲ್ಲವಂತೆ!

ಈ ನಳದ ಡಬ್ಬಿ ಮಾತ್ರ ಬೇರೆ. ನಮ್ಮಲ್ಲಿ ನಳಕ್ಕೆ ನೀರು ಯಾವಾಗ ಬರುತ್ತದೆಂದು ನೀರಿಗೂ ಗೊತ್ತಿರುವುದಿಲ್ಲ. ಈ ಡಬ್ಬಿಯನ್ನು ನಳದ ಬಾಯಿಗೆ ತೂಗುಹಾಕಿದರಾಯಿತು. ತಂತಿಗೆ ನೀರು ತಾಕಿದೊಡನೆ ಸದ್ದು ಮಾಡುತ್ತದೆ. ಮೊದಲನೆಯದನ್ನು ಅವನು ಕೂರಿಸಿದ್ದು ನನ್ನ ಕುಂಕುಮದ ಡಬ್ಬಿಯಲ್ಲಿ. ಅದು ಬರೀ ಕುಂಯ್ ಅನ್ನುತ್ತಿತ್ತು. ಸಾವ್ಕಾರರು ನೋಡಿ ಮೆಚ್ಚಿ, "ಇಂಥಾವು ನೂರು ಕೊಡು" ಅಂದರು.

ನೂರು ಕುಂಕುಮದ ಡಬ್ಬಿ ಎಲ್ಲಿಂದ ತರೋಣ? ಓಣಿಯ ಹೆಂಗಸರಿಂದ ಖಾಲಿ ಡಬ್ಬಿಗಳನ್ನು ಬೇಡಿ ತಂದ. ಯಾವುದರ ಮುಚ್ಚಳವೂ ಬಿಗಿಯಿಲ್ಲ. ನೀರು ಒಳಗೆ ಹೋಗಿ ಡಬ್ಬಿಗಳಿಗೆಲ್ಲ ನೆಗಡಿಯಾಯಿತು! ಕೊನೆಗೆ ಹೈದರಾಬಾದಿನಲ್ಲಿ ಅಚ್ಚು ಮಾಡಿಸಿ ಪ್ಲಾಸ್ಟಿಕ್ ಡಬ್ಬಿ ತೆಗೆಸಿದ. ಡಬ್ಬಿಗಳು ಬಂದವು, ಎಲ್ಲವೂ ಒಂದೇ ಅಳತೆ, ಚಂದವೋ ಚಂದ. ತಂತಿ ಹೊರಗೆ ಬರಲು ತೂತೇ ಇಲ್ಲ! ಯಾರು ಮರೆತದ್ದು? ಕೇಳಬೇಡಿ, ನಕ್ಷೆ ಬರೆದವನು ಅವನೇ. ದಬ್ಬಣ ಕಾಸಿ ನೂರಕ್ಕೂ ತೂತು ಹಾಕಿದವಳು ನಾನು.

"ಅಕ್ಕಾ, ಈ ಸಲ ಆಗಲಿಲ್ಲಂದ್ರ ಮುಗೀತು," ಅಂದಿದ್ದ. "ಅಂಗಡಿ ಬಾಗಲಾ ಹಾಕಿ ಹತ್ತಿ ಮಿಲ್ಲಿನ್ಯಾಗ ತೂಕ ಬರಕೊಂತ ಕೂಡ್ತೀನಿ."

ತಮಾಷೆಗೆ ಅಂದದ್ದಲ್ಲ. ಮಿಲ್ಲಿನವರಿಗೆ ಮಾತೂ ಕೊಟ್ಟಿದ್ದ.

ಹೀಗಾಗಿ ಆ ಬೆಳಿಗ್ಗೆ ಸಾವ್ಕಾರರ ಮುಂದೆ ಪರೀಕ್ಷೆ. ಅಂಗಳದಲ್ಲಿ ಸೀಳಿದ ಪೈಪುಗಳನ್ನು ಸಾಲಾಗಿ ಇಟ್ಟು, ಎಲ್ಲ ಡಬ್ಬಿಗಳ ತಂತಿಗಳನ್ನೂ ಅವುಗಳೊಳಗೆ ಇಳಿಬಿಟ್ಟು, ತಮ್ಮ ನೀರು ಸುರಿದ. ನೂರು ಡಬ್ಬಿಗಳು ಒಟ್ಟಿಗೆ ಒದರಿದವು:

"ಏಳ್ರಿ! ನಳಾ ಬಂದಾವ! ಏಳ್ರಿ!"

ಅಯ್ಯೋ, ನನ್ನ ದನಿ! ಹಾಸ್ಟೆಲಿನ ಹುಡುಗಿಯರನ್ನು ಹಾಸಿಗೆಯಿಂದ ಹಾರಿಸುತ್ತಿದ್ದ ಅದೇ ದನಿ! ನೀರು ಬಂದಾಗ ನಾನು ಓಣಿಗೆ ಕೂಗುವುದನ್ನು ತಮ್ಮ ನನಗೆ ತಿಳಿಯದಂತೆ ಮೊಬೈಲಿನಲ್ಲಿ ಹಿಡಿದು, ಕುಂಯ್ ಬದಲಿಗೆ ಡಬ್ಬಿಗಳಿಗೆಲ್ಲ ತುಂಬಿಸಿದ್ದ.

ಓಣಿಯ ಬಾಗಿಲುಗಳೆಲ್ಲ ತೆರೆದವು. ಕೊಡ, ಬಕೆಟ್ಟು ಹಿಡಿದು ಜನ ನಳಕ್ಕೆ ಓಡಿದರು. ನಳದಲ್ಲಿ ಗಾಳಿಯೂ ಇರಲಿಲ್ಲ. ಎದುರುಮನೆಯಾಕೆ ಕೊಡವನ್ನು ಸೊಂಟಕ್ಕಿಟ್ಟುಕೊಂಡೇ ಬಂದಳು. "ಅಕ್ಕೋರ, ನೀರ ಎಲ್ಲಿ ಬಂದಾವ್ರಿ? ರಿಟೈರ್ ಆದ್ರೂ ಮಂದೀನ ಮಲಗಾಕ ಬಿಡಂಗಿಲ್ಲೇನ್ರಿ?"

ಸಾವ್ಕಾರರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. "ತಮ್ಮಾ, ಗಿರಾಕಿ ನೀರು ತುಂಬಾಕ ತೊಗೊಂತಾನ, ಕವಾಯತಿಗಲ್ಲ! ಗಂಟಿ ಸಪ್ಪಳ ಹಾಕು, ಇಲ್ಲಾ ಮೆತ್ತಗ ಮಾತಾಡೋ ದನಿ ಹಾಕು. ಸಂಜಿ ಬಸ್ಸಿಗೆ ಮಾಲು ಬಂದ್ರ ಬಂತು, ಇಲ್ಲಂದ್ರ ಆರ್ಡರ್ ರದ್ದು."

"ಗಂಟಿ ಹಾಕಂಗಿಲ್ರಿ," ಅಂದ ನನ್ನ ತಮ್ಮ.

"ಯಾಕಪಾ?"

"ಗಂಟಿಗೆ ನಾನ ಏಳಂಗಿಲ್ರಿ! ಮಂದಿ ಹ್ಯಾಂಗ ಏಳ್ತಾರ?"

ಸಾವ್ಕಾರರು ತಲೆಯಾಡಿಸುತ್ತ ಯಾದಗಿರಿಗೆ ಹೊರಟುಹೋದರು. ಉಳಿದದ್ದು ಮೆತ್ತಗಿನ ದನಿ. ಮೊಬೈಲನ್ನು ತಮ್ಮ ನನ್ನ ಮುಂದೆ ಹಿಡಿದ. ಹೇಳಿದೆ.

"ಇದು ಹಾಜರಿ ಆತು," ಅಂದ.

ಮತ್ತೆ ಹೇಳಿದೆ.

"ಇದು ಪೊಲೀಸ್ ಸ್ಟೇಶನ್ ಆತು."

ಇನ್ನೊಮ್ಮೆ.

"ಅಕ್ಕಾ, ಇದಕ್ಕ ಮಂದಿ ಏಳಂಗಿಲ್ಲ, ಊರು ಬಿಟ್ಟು ಓಡ್ತಾರ!"

ಮಧ್ಯಾಹ್ನವಾಯಿತು. ಇಡೀ ಬದುಕನ್ನು ಗದರುತ್ತಲೇ ಕಳೆದವಳು ಈಗ ಎಲ್ಲಿಂದ ಮೆತ್ತಗಾಗಬೇಕು? ಕಣ್ಣು ಮುಚ್ಚಿ ಕುಳಿತೆ. ಅವ್ವ ನೆನಪಾದಳು. ಅವಳು ಎಬ್ಬಿಸುವಾಗ ಕೂಗುತ್ತಿರಲಿಲ್ಲ. ಕೌದಿಯ ಅಂಚನ್ನು ಸರಿಸಿ, ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದಳು. ಹಾಗೆಯೇ ಹೇಳಿದೆ:

"ಏಳು ನನ್ನ ಬಂಗಾರಾ. ನೀರ ಬಂದಾವ, ಏಳು."

ತಮ್ಮ ಹತ್ತಿರ ಸರಿದು ಕುಳಿತ. ಅವ್ವ ಹೋದಾಗ ಅವನು ಆಗಷ್ಟೇ ನಡೆಯಲು ಕಲಿತಿದ್ದ.

"ಅವ್ವ ಹಿಂಗ ಅಂತಿದ್ಲೇನು?"

"ಹೂಂ."

"ನನಗೂ?"

"ನಿನಗ ಮೊದಲು. ಆಮ್ಯಾಲೆ ನನಗ."

ಸಾವ್ಕಾರರಿಗೆ ಫೋನಿನಲ್ಲಿ ಕೇಳಿಸಿದೆ. ಅವರು ಮತ್ತೊಮ್ಮೆ ಕೇಳಿಸಿಕೊಂಡರು. ಆಮೇಲೆ, "ಕಳಸ್ರಿ" ಅಂದರು.

ಅವನು ದನಿ ತುಂಬಿಸಿ ಕೊಟ್ಟ, ನಾನು ಮುಚ್ಚಳ ಬಿಗಿದೆ. ಹತ್ತಕ್ಕೊಂದನ್ನು ಕೇಳಿ ನೋಡಿದ್ದರೆ ಸಾಕಿತ್ತು. ಅವನು ಪ್ರತಿಯೊಂದನ್ನೂ ಕಿವಿಗೆ ಹಿಡಿದು, ಪೂರ್ತಿ ಕೇಳಿ, ಆಮೇಲೆ ನನ್ನ ಕೈಗಿಟ್ಟ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಗದರಬೇಕಾದವಳು ಗದರಲಿಲ್ಲ. ಹೊತ್ತು ಇಳಿಯುವಾಗ ಪೆಟ್ಟಿಗೆಗೆ ಹುರಿ ಬಿಗಿದು, ಯಾದಗಿರಿ ಬಸ್ಸಿನ ಕಂಡಕ್ಟರನ ಕೈಗೆ ಒಪ್ಪಿಸಿದೆವು.