ಡೈರಿ ಸಾಲಿನಲ್ಲಿ ಮತ ಸಮೀಕ್ಷೆ

ಲೋಕದಲ್ಲಿ ಎರಡು ಪ್ರಶ್ನೆಗಳಿಗೆ ನಿಜವಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಊಟಕ್ಕೆ ಕೂತ ನೆಂಟನನ್ನು "ಸಾರು ಹೇಗಿದೆ?" ಎಂದು ಕೇಳುವುದು ಒಂದು, ಮತದಾರನನ್ನು "ಯಾರಿಗೆ ಓಟು?" ಎಂದು ಕೇಳುವುದು ಇನ್ನೊಂದು. ಉಪ್ಪೇ ಬೀಳದ ಸಾರನ್ನು ಸೊರ್ರೆಂದು ಕುಡಿದು ನೆಂಟ "ಭೇಷಾಗಿದೆ" ಎನ್ನುತ್ತಾನೆ. ಮತದಾರನೂ ಅಷ್ಟೇ ಮರ್ಯಾದಸ್ಥ. ಇದು ನಮ್ಮ ಪತ್ರಿಕೆಯವರಿಗೆ ತಿಳಿಯದು. ತೊಂಬತ್ತರ ದಶಕದಲ್ಲಿ ದಿಲ್ಲಿಯ ಸರ್ಕಾರಗಳು ಒಂದರ ಹಿಂದೊಂದು ಬಿದ್ದು ಏಳುತ್ತಿದ್ದವಲ್ಲ, ಆಗ ಪ್ರತಿ ಚುನಾವಣೆಗೂ ಮುಂಚೆ ಮತ ಸಮೀಕ್ಷೆ ಎಂಬುದೊಂದು ಅಚ್ಚಾಗುತ್ತಿತ್ತು. ಫಲಿತಾಂಶ ಬಂದ ಮೇಲೆ, ಸಮೀಕ್ಷೆ ಏಕೆ ಸುಳ್ಳಾಯಿತೆಂದು ಅದೇ ಪಂಡಿತರು ಇನ್ನೊಂದು ಲೇಖನ ಬರೆಯುತ್ತಿದ್ದರು. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ನಾನು ಅರಕೆರೆಯಿಂದ ಹೋಗುವ ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯಲ್ಲಿ ಅದನ್ನು ಓದಿ ನಗುತ್ತಿದ್ದೆ. "ಇವರಿಗೆ ಕೇಳೋದಕ್ಕೇ ಬರಲ್ಲ ಕಣ್ರೀ. ನನ್ನ ಕೈಗೆ ಕೊಟ್ಟು ನೋಡಲಿ" ಎನ್ನುತ್ತಿದ್ದೆ. ನಮ್ಮ ಎಷ್ಟೋ ಮೊರೆಗಳನ್ನು ಕೇಳಿಸಿಕೊಳ್ಳದ ದೇವರು ಇಂಥ ಮಾತನ್ನು ಮಾತ್ರ ತಪ್ಪದೆ ಕೇಳಿಸಿಕೊಳ್ಳುತ್ತಾನೆ. ಕೊಟ್ಟೇಬಿಟ್ಟ.

ನನ್ನ ಹೆಂಡತಿ ಜಯಮ್ಮನ ತಮ್ಮ ನಂಜುಂಡ ಪಕ್ಕದೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಜನ ತಂದ ಹಾಲನ್ನು ಅಳೆಯುವುದು, ಅದರಲ್ಲಿ ಲ್ಯಾಕ್ಟೋಮೀಟರು ಇಳಿಬಿಟ್ಟು ಡಿಗ್ರಿ ನೋಡುವುದು, ನೀರಿನ ಪ್ರಮಾಣ ಅತಿಯಾಗಿದ್ದರೆ ವಾಪಸು ಕಳಿಸುವುದು ಅವನ ಕೆಲಸ. ಜಿಲ್ಲಾ ಪಂಚಾಯ್ತಿ ಚುನಾವಣೆ ಬಂದಾಗ ನಾಲ್ಕು ಜನ ಸ್ನೇಹಿತರು ಅವನ ಬೆನ್ನು ತಟ್ಟಿ "ನಿಂತ್ಕೊ, ಗೆದ್ದಾಯ್ತು" ಎಂದರು. ಆದರೆ ಹಾಲಿನ ಸಂಘದವರು, ಚುನಾವಣೆಗೆ ನಿಲ್ಲುವುದಾದರೆ ಡೈರಿ ಕೆಲಸ ಬಿಡಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ಕೆಲಸ ಬಿಟ್ಟು ಸೋತರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಂಜುಂಡ ಸೀದಾ ನಮ್ಮ ಮನೆಗೆ ಬಂದ.

"ಬಾವ, ನೀವು ಓದ್ಕೊಂಡೋರು. ಗೆಲ್ತೀನೋ ಇಲ್ವೋ ಒಂದ್ ಮಾತು ಏಳ್ಬುಡಿ. ಊ ಅಂದ್ರೆ ನಾಳೆನೇ ಕೆಲ್ಸ ಬುಟ್ಬುಡ್ತೀನಿ. ಊಹೂ ಅಂದ್ರೆ ಹಾಲ್ ಅಳ್ತೆ ಮಾಡ್ಕಂಡು ತೆಪ್ಪಗಿರ್ತೀನಿ."

ಅಡುಗೆಮನೆಯಿಂದ ಜಯಮ್ಮನ ಧ್ವನಿ ಬಂತು. "ಅವನ್ ಕೆಲ್ಸ ಓದ್ರೆ ನಿಮ್ ತಲೆ ಮೇಲೇ ಬರೋದು, ಗ್ಯಾನ ಇರ್ಲಿ."

ನಾನು ಹಿಡಿದ ಹಟ ಬಿಡುವವನಲ್ಲ. ಒಂದು ಸಲ ಮನೆಯ ಗಡಿಯಾರ ರಿಪೇರಿ ಮಾಡುತ್ತೇನೆಂದು ಕೂತು, ಅದು ಮತ್ತೆಂದೂ ಓಡದಂತಾಗುವವರೆಗೆ ಎದ್ದಿರಲಿಲ್ಲ. ಈ ಸಮೀಕ್ಷೆ ಮಾತ್ರ ಸುಳ್ಳಾಗಕೂಡದು ಎಂದು ಪಣ ತೊಟ್ಟೆ. ಎಲ್ಲ ಮನೆಯವರೂ ತಾವಾಗಿಯೇ ಬಂದು ಸೇರುವ ಜಾಗ ಯಾವುದು ಎಂದು ಯೋಚಿಸಿದೆ. ಡೈರಿ! ಮರುದಿನ ಬೆಳಿಗ್ಗೆ ಡೈರಿಯ ಬಾಗಿಲ ಪಕ್ಕದಲ್ಲಿ ನಿಂತು, ಕ್ಯಾನು ಹಿಡಿದು ಬಂದ ಒಬ್ಬೊಬ್ಬರನ್ನೂ "ನಂಜುಂಡ ನಿಂತರೆ ಓಟು ಹಾಕುತ್ತೀರಾ?" ಎಂದು ಕೇಳಿದೆ.

"ಸೆಕ್ರೆಟ್ರಿಗಲ್ದೆ ಇನ್ಯಾರ್ಗ್ ಆಕ್ತೀವಿ ಸಾಮಿ!" ಎಂದರು ಎಲ್ಲರೂ. ಹಾಗೆನ್ನುವಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ, ನಂಜುಂಡನ ಕೈಯಲ್ಲಿದ್ದ ಲ್ಯಾಕ್ಟೋಮೀಟರಿನ ಮೇಲಿತ್ತು. ಯಾರ ಹಾಲು ಹೆಚ್ಚು ತೆಳುವಾಗಿತ್ತೋ ಅವರು ಹೆಚ್ಚು ಗಟ್ಟಿಯಾಗಿ ಹೇಳಿದರು. ಒಬ್ಬನಂತೂ ತನ್ನ ಮನೆಯವರ ಓಟಿನ ಜೊತೆಗೆ ಕೆ.ಆರ್.ಪೇಟೆಯಲ್ಲಿರುವ ಮಗಳು ಅಳಿಯನ ಓಟನ್ನೂ ಧಾರೆಯೆರೆದುಬಿಟ್ಟ. ನಾನು ಹಿಗ್ಗಿನಿಂದ ಮನೆಗೆ ಬಂದು ವರದಿ ಒಪ್ಪಿಸಿದರೆ ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಪರೀಕ್ಸೆ ನಡೆಯೋವಾಗ ನಿಮ್ ಉಡುಗ್ರನ್ನ 'ನನ್ ಪಾಠ ಎಂಗೈತೆ' ಅಂತ ಕೇಳಿ ನೋಡಿ. ಚೆಂದಾಗಿಲ್ಲ ಅಂತ ಯಾವನಾದ್ರೂ ಅಂತಾನಾ?"

ಮಾತಿನಲ್ಲಿ ಹುರುಳಿತ್ತು. ಹಾಗೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಲಾಗುತ್ತದೆಯೇ? "ಅದು ಪ್ರಾಥಮಿಕ ಹಂತ" ಎಂದು ಹೇಳಿ, ಮಾರನೆಯ ದಿನದಿಂದ ಊರೂರು ತಿರುಗಿ ಮನೆಮನೆಗೇ ನುಗ್ಗಿದೆ. ಅಲ್ಲಿ ಇನ್ನೊಂದು ಪೇಚು. ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನೆಗೆ ಮೊದಲು ಉತ್ತರ ಕೊಡುವುದಿಲ್ಲ. ಪ್ರಶ್ನೆ ಕೇಳುವವನು ಯಾರೆಂದು ಮೊದಲು ವಿಚಾರಿಸುತ್ತಾರೆ. ಒಂದು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿತು.

"ಕುಂತ್ಕೊಳಪ್ಪ. ಯಾವೂರಾಯ್ತು?"

"ಅರಕೆರೆ ಕಣಜ್ಜಿ."

"ಅರಕೆರೇಲಿ ಯಾರ್ ಮಗ?"

ಹೇಳಿದೆ.

"ಎಣ್ಣು ಎಲ್ಲಿಂದ ತಂದೆ?"

ಅದನ್ನೂ ಹೇಳಿದೆ. ಅಜ್ಜಿಯ ಮುಖ ಬೆಳಗಿತು. "ಅಂಗನ್ನು ಮತ್ತೆ! ಡೈರಿ ನಂಜುಂಡನ ಬಾವ ನೀನು. ನಮ್ ಓಟು ನಿಮ್ಗೇ ಕಣಪ್ಪ, ಕರಿಘಟ್ಟದಪ್ಪನಾಣೆಗೂ. ಲೇ ಅಮ್ಮಯ್ಯ, ಮಜ್ಜಿಗೆ ತತ್ತಾ."

ಕುಡಿಯದೆ ಏಳುವಂತಿಲ್ಲ. ಹೀಗೆ ಮನೆಮನೆಯ ಮಜ್ಜಿಗೆ ಕುಡಿದು ನನಗೆ ನೆಗಡಿ ಹಿಡಿಯಿತು. ಸಮೀಕ್ಷೆ ನಡೆಸುತ್ತಿರುವವನು ನಾನಲ್ಲ, ಅವರು ಎಂಬುದೂ ಅಷ್ಟೊತ್ತಿಗೆ ಹೊಳೆಯಿತು. ನನ್ನ ಊರು, ಮನೆ, ಸಂಬಂಧ ಎಲ್ಲವನ್ನೂ ಪತ್ತೆಮಾಡಿ, ನನಗೆ ಯಾವ ಉತ್ತರ ಹಿತವೋ ಅದನ್ನು ಮಜ್ಜಿಗೆಯ ಜೊತೆ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಧರ್ಮಬುದ್ಧಿ.

ಹಾಗಾದರೆ ಸಂಬಂಧವೇ ಇಲ್ಲದ ಒಬ್ಬನನ್ನು ಕಳಿಸಬೇಕು ಎಂದು ತೀರ್ಮಾನಿಸಿದೆ. ನಮ್ಮ ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದ ಬೋರಲಿಂಗಯ್ಯ ನಾಗಮಂಗಲದ ಕಡೆಯವರು. ಈ ಭಾಗದಲ್ಲಿ ಅವರಿಗೆ ನಾಯಿಯ ಪರಿಚಯವೂ ಇರಲಿಲ್ಲ. ಒಂದು ಭಾನುವಾರ ಅವರನ್ನು ಹೊರಡಿಸಿದೆ. ಸಂಜೆ ಅವರು ಗೆಲುವಾಗಿ ಬಂದರು. "ಏನಾಯಿತು?" ಎಂದು ಎದ್ದು ನಿಂತೆ.

"ಬಾಳ ಒಳ್ಳೇದಾಯ್ತು ಸಾರ್. ನಮ್ಮ ತಮ್ಮನಿಗೆ ಹೆಣ್ಣು ಸಿಕ್ತು."

ಯಾರದೋ ಮನೆಯಲ್ಲಿ ಯಾವೂರು ಎಂದು ಕೇಳಿದರಂತೆ, ಇವರು ಹೇಳಿದರಂತೆ, ಆ ಮನೆಯ ಸೊಸೆಯ ತವರೂ ಅದೇ ಊರಂತೆ. ಮಧ್ಯಾಹ್ನ ಅಲ್ಲೇ ಊಟ, ಆಮೇಲೆ ಆ ಮನೆಯ ಮಗಳ ಜಾತಕದ ಮಾತು. "ಓಟಿನ ವಿಷಯ ಏನಾಯ್ತು ಮಾರಾಯರೇ?" ಎಂದರೆ, "ನಂಜುಂಡನಿಗೇ ಅಂದ್ರು ಸಾರ್. ನೆಂಟರಾಗೋರು ಸುಳ್ಳು ಹೇಳ್ತಾರಾ?" ಎಂದರು. ಅವರು ಹೋಗಿದ್ದು ನಂಜುಂಡನ ಮೊಪೆಡ್ಡಿನಲ್ಲಿ. ಹಿಂಬದಿಯಲ್ಲಿ ಹಾಲಿನ ಕ್ಯಾನು ನೇತುಹಾಕುವ ಎರಡು ದೊಡ್ಡ ಕೊಕ್ಕೆಗಳಿದ್ದ ಆ ಗಾಡಿಯನ್ನು ಸುತ್ತಲಿನ ಹಳ್ಳಿಗಳಲ್ಲಿ ಗುರುತಿಸದವರಿರಲಿಲ್ಲ. ಇದು ನನಗೆ ಹೊಳೆದಿದ್ದು ಎಲ್ಲ ಮುಗಿದ ಮೇಲೆ. ಆ ಸಂಜೆ ಮಾತ್ರ, ಮೂರು ಬಗೆಯಲ್ಲಿ ಕೇಳಿದರೂ ಉತ್ತರ ಒಂದೇ ಬಂದಿರುವಾಗ ಇನ್ನು ಅನುಮಾನವೇಕೆ ಎಂದು ಎದೆ ತಟ್ಟಿ ಹೇಳಿದೆ: "ನಿಂತ್ಕೊ ನಂಜುಂಡ. ನಿನ್ನ ಗೆಲುವನ್ನು ಆ ಬ್ರಹ್ಮನೂ ತಪ್ಪಿಸಲಾರ." ಮರುದಿನವೇ ಅವನು ರಾಜೀನಾಮೆ ಕೊಟ್ಟು ಲ್ಯಾಕ್ಟೋಮೀಟರನ್ನು ಇನ್ನೊಬ್ಬನ ಕೈಗಿತ್ತ.

ಮತದಾನ ಇನ್ನೇನು ಬಂತು ಎನ್ನುವಾಗ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪಾಂಡವಪುರದವರೊಬ್ಬರು ಸಿಕ್ಕರು. ನಂಜುಂಡನ ಎದುರಾಳಿಗೆ ಅವರು ಭಾವ ಆಗಬೇಕು. ಅವರೂ ಅವೇ ಊರುಗಳನ್ನು ತಿರುಗಿದ್ದರು, ಅದೇ ಅಜ್ಜಿಯ ಕೈಯಿಂದ ಮಜ್ಜಿಗೆ ಕುಡಿದಿದ್ದರು, ಅದೇ ಕರಿಘಟ್ಟದಪ್ಪನ ಆಣೆಯನ್ನೂ ಕೇಳಿದ್ದರು. ಅವರ ಲೆಕ್ಕದಲ್ಲಿ ಗೆಲ್ಲುವುದು ಅವರ ಬಾಮೈದ. ಬುದ್ಧಿ ಇದ್ದ ಮನುಷ್ಯನಾಗಿದ್ದರೆ ಅಲ್ಲೇ ಎಚ್ಚರವಾಗಬೇಕಿತ್ತು. ನನಗೆ ಅವರನ್ನು ಕಂಡು ಅಯ್ಯೋ ಪಾಪ ಎನ್ನಿಸಿತು. ಜನ ಈ ಬಡಪಾಯಿಗೆ ಹೀಗೆ ಸುಳ್ಳು ಹೇಳಬಾರದಿತ್ತು ಎಂದುಕೊಂಡು ಟೀ ಕಾಸು ನಾನೇ ಕೊಟ್ಟೆ.

ನಂಜುಂಡ ಸೋತ. ಹೀನಾಯವಾಗಿಯೇನಲ್ಲ, ಮರ್ಯಾದೆಯಾಗಿಯೇ ಸೋತ. ಆದರೆ ಸೋಲು ಸೋಲೇ. ಕೆಲವು ದಿನ ಕಳೆದ ಮೇಲೆ ಬಸ್ಸಿನ ಕಿಟಕಿಯಿಂದ ಡೈರಿಯ ಕಡೆ ನೋಡಿದೆ. ನಂಜುಂಡ ತನ್ನ ಹಸುವಿನ ಹಾಲಿನ ಕ್ಯಾನು ಹಿಡಿದು ಎಲ್ಲರಂತೆ ಸಾಲಿನಲ್ಲಿ ನಿಂತಿದ್ದ. ಹೊಸ ಸೆಕ್ರೆಟರಿ ಅವನ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು ಬಗ್ಗಿ ನೋಡುತ್ತಿದ್ದ. ಅವನನ್ನು ಅಲ್ಲಿ ನಿಲ್ಲಿಸಿದವನು ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ.

ಕೈ ಕೊಟ್ಟವರು ಯಾರೆಂದು ಕಂಡುಹಿಡಿದೇ ತೀರುತ್ತೇನೆ ಎಂದು ಮತ್ತೆ ಹೊರಟೆ. ಸೋತ ಮೇಲೆ ಮತ ಸಮೀಕ್ಷೆ ನಡೆಸಿದವನು ದೇಶದಲ್ಲಿ ನಾನೊಬ್ಬನೇ ಇರಬೇಕು. ಈ ಸಲವೂ ಮಜ್ಜಿಗೆ, ಈ ಸಲವೂ ಆಣೆ. ಎಲ್ಲರೂ ನಂಜುಂಡನಿಗೇ ಹಾಕಿದ್ದರು. ಹಿಂದಿನ ಸಲ ಆಣೆ ಇಡದವರು ಕೂಡ ಈಗ ಲೊಚಗುಟ್ಟಿ "ನಾವಂತೂ ಆಕುದ್ವಪ್ಪ, ಮಿಕ್ಕೋರೇ ಕೆಡಿಸ್ಬುಟ್ರು" ಎಂದರು. ಈ ಸಮೀಕ್ಷೆಯ ಪ್ರಕಾರ ಅವನು ಇನ್ನೂ ಭರ್ಜರಿಯಾಗಿ ಗೆದ್ದಿದ್ದ.

ಕೊನೆಗೆ ನಾಲೆ ಏರಿಯ ಮೇಲೆ ಒಬ್ಬ ಗೌಡರು ಸಿಕ್ಕರು. "ನಿಮ್ಮೋರ್ಗೇ ಕಣಪ್ಪ ಆಕಿದ್ದು" ಎನ್ನುತ್ತ ಅವರು ಬೀಡಿ ಹಚ್ಚಲು ಎಡಗೈಯನ್ನು ಗಾಳಿಗೆ ಅಡ್ಡ ಹಿಡಿದರು. ತೋರುಬೆರಳು ತೊಳೆದಿಟ್ಟಂತಿತ್ತು. ಓಟು ಹಾಕಿದ್ದರೆ ಶಾಯಿಯ ಗುರುತು ಇಷ್ಟು ಬೇಗ ಹೋಗುವುದುಂಟೇ?

"ಗೌಡ್ರೇ, ಬೆರಳಲ್ಲಿ ಶಾಯಿಯೇ ಇಲ್ಲವಲ್ಲ?"

ಗೌಡರು ಒಂಚೂರೂ ಪೆಚ್ಚಾಗಲಿಲ್ಲ. "ಎಂಗಿದ್ರೂ ಗೆಲ್ತಾನೆ ಅಂತ ನೀವೇ ಲೆಕ್ಕ ಆಕ್ಬುಟ್ಟಿದ್ರಂತಲ್ಲ ಮೇಷ್ಟ್ರೇ. ಊರೆಲ್ಲ ಅದೇ ಮಾತು. ನಂದೊಂದ್ ಓಟ್ನಲ್ಲಿ ಏನಾಗ್ಬೇಕು ಅಂದ್ಬುಟ್ಟು ಗದ್ದೆಗೆ ನೀರ್ ಕಟ್ಟಕ್ಕೋದೆ. ಆದ್ರೂ ಮನಸ್ನಲ್ಲಿ ಅವನಿಗೇ ಆಕ್ದಂಗೆ ಲೆಕ್ಕ."

ಆಮೇಲೆ ನಾನು ಬಾಯಿ ಬಿಟ್ಟು ಯಾರನ್ನೂ ಕೇಳಲಿಲ್ಲ, ಬೆರಳುಗಳನ್ನು ಮಾತ್ರ ನೋಡುತ್ತ ನಡೆದೆ. ನಂಜುಂಡನ ಕಡೆಯವರಲ್ಲಿ ಬಿಳಿ ಬೆರಳುಗಳು ಬೇಕಾದಷ್ಟಿದ್ದವು. ಎದುರಾಳಿಯವರ ಕೇರಿಯಲ್ಲಿ ಮುದುಕರ ಬೆರಳೂ ಕಪ್ಪಾಗಿತ್ತು. ನನ್ನ ಲೆಕ್ಕ ಊರೆಲ್ಲ ಹಬ್ಬಿದ್ದರಿಂದ ಸೋತುಬಿಡುತ್ತೇವೆಂದು ಹೆದರಿ ಮನೆಗೆ ಒಬ್ಬರನ್ನೂ ಉಳಿಸದೆ ಬಂದಿದ್ದರಂತೆ. ನನ್ನ ಸಮೀಕ್ಷೆಯನ್ನು ನಿಜವೆಂದು ನಂಬಿದ ಕಾರಣಕ್ಕೇ ಜನ ಅದನ್ನು ಸುಳ್ಳು ಮಾಡಿದ್ದರು. ಯಾವ ಪಂಡಿತನೂ ಇದನ್ನು ಪತ್ರಿಕೆಯಲ್ಲಿ ಬರೆದದ್ದನ್ನು ನಾನು ಕಂಡಿರಲಿಲ್ಲ. ನಾನೇ ಬರೆಯಬೇಕು ಎಂದು ಹುರುಪಿನಿಂದ ಮನೆಗೆ ಬಂದೆ.

ಮನೆಯಲ್ಲಿ ನಂಜುಂಡ ಊಟಕ್ಕೆ ಕೂತಿದ್ದ. ನನಗೂ ತಟ್ಟೆ ಹಾಕಿದರು. ಅವನು ಮುದ್ದೆ ಮುರಿಯುತ್ತ ತಲೆ ಎತ್ತದೆ ಹೇಳಿದ: "ಬಾವ, ನೀವು ಊರೂರು ತಿರುಗಿ ಕೇಳ್ಬೇಡಿ. ಯಾರ್ ಆಕುದ್ರು, ಯಾರ್ ಬುಟ್ರು, ನಂಗ್ ಬ್ಯಾಡ. ಒಂದೇ ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನೀವಾದ್ರೂ ನಂಗೆ ಆಕುದ್ರಾ?"

ಮತದಾನದ ದಿನ ಜಯಮ್ಮ ಬೆಳಿಗ್ಗೆಯೇ ಹೋಗಿ ಓಟು ಹಾಕಿ ಬಂದಿದ್ದಳು. ನಾನು ಆಮೇಲೆ ಹೋದೆ. ಶಾಲೆಯ ಗೇಟಿನಿಂದಾಚೆಗೂ ಸಾಲಿತ್ತು, ನೆತ್ತಿ ಸುಡುವ ಬಿಸಿಲು. ಗೆಲ್ಲುವುದು ಖಾತ್ರಿಯಾದ ಮನುಷ್ಯನಿಗೆ ನನ್ನದೊಂದು ಓಟಿನಿಂದ ಏನಾಗಬೇಕು ಎಂದು ಹಿತ್ತಲ ಬಾಗಿಲಿನಿಂದ ಮನೆಗೆ ಬಂದು ಮಲಗಿದ್ದೆ.

"ಎಂಥ ಮಾತು ಅಂತ ಆಡ್ತೀಯಲಾ ನಂಜುಂಡ!" ಎಂದೆ. "ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆಯೇ ಹೋಗಿ ನಿಂತಿದ್ದೆನಪ್ಪ."

ಅವನ ಮುಖ ಎಷ್ಟೋ ದಿನದ ಮೇಲೆ ಅರಳಿತು. "ಅಷ್ಟ್ ಸಾಕು ಬುಡಿ ಬಾವ" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಮುದ್ದೆ ಬಡಿಸಿದ ಜಯಮ್ಮ ಅಲ್ಲೇ ನಿಂತು, ಪಂಚೆಯ ನಿರಿಗೆಯೊಳಗೆ ಹೊಕ್ಕಿದ್ದ ನನ್ನ ಎಡಗೈ ಹೊರಗೆ ಬರುವುದನ್ನೇ ಕಾಯುತ್ತಿದ್ದಳು.