ಕೃಷ್ಣಾನಂದನ ಮೀಸೆಯೂ ಗಾಜಿನ ತೊಟ್ಟಿಯ ಬೆಳಚೂ

"ಕುಮಟೆಗೆ ರೈಲೇ ಬಂತು! ನಮ್ಮನೆ ಪಡಸಾಲೆಗೆ ಸಮುದ್ರ ಬರೂದು ಎಂತ ದೊಡ್ಡ ವಿಷಯ?"

ಕೃಷ್ಣಾನಂದ ಹೀಗೆ ಗರ್ಜಿಸಿದ್ದು ಕೊಂಕಣ ರೈಲು ಓಡತೊಡಗಿದ ವರ್ಷದ ಬೇಸಿಗೆಯಲ್ಲಿ, ಬೆಳಚಿನ, ಅಂದರೆ ಹೊಳೆಯ ಚಿಪ್ಪುಮೀನಿನ, ಸುಕ್ಕಾ ತುಂಬಿದ ತಟ್ಟೆಯ ಮುಂದೆ ಕೂತು, ಚಿಪ್ಪೊಂದನ್ನು ಚೀಪುತ್ತ. ಎದುರಿಗಿದ್ದವನು ಹೊನ್ನಾವರದಿಂದ ಬಂದ ಹೆಂಡತಿಯ ತಮ್ಮ ಹರಿಹರ.

"ಬೆಳಚು ತಿನ್ನೂಕೆ ನೀವು ಹುಲಿ, ಭಾವ. ಸಾಕೂಕೆ?"

"ಚೌತಿ ದಾಟೂ ತನಕ ಗಾಜಿನ ತೊಟ್ಟಿಯಲ್ಲಿ ಸಾಕ್ತೆ! ಅದೂ ಏಡಿ ಸಂಗಡ! ಒಂದಾದ್ರೂ ಬೆಳಚು ಉಳೀದಿದ್ರೆ ಈ ಮೀಸೆ ಬೋಳಿಸ್ತೆ!"

ಅದು ಅಂತಿಂಥ ಮೀಸೆಯಲ್ಲ. ತುದಿಗೊಂದರಂತೆ ಕಾಗೆ ಕೂರಬಹುದಿತ್ತು. ಮಳೆಯಲ್ಲಿ ನೆನೆದರೆ ಒಣಗಲು ಬಿಸಿಲಿಗೇ ಕಾಯಬೇಕಿತ್ತು.

ಟಿವಿ ಮೂಲೆಗೆ ಸರಿಯಿತು, ಗಾಜಿನ ತೊಟ್ಟಿ ಬಂದು ಕೂತಿತು. ಬಾಡ ಎಂಬ ಊರಿನ ಕಡಲಿನಿಂದ ಕೊಡಗಟ್ಟಲೆ ನೀರು, ಅಘನಾಶಿನಿ ಹೊಳೆಯಿಂದ ಮರಳು ಮತ್ತು ಬೆಳಚು, ಪೇಟೆಯಿಂದ ಜೀವಂತ ಏಡಿ. ಏಡಿ ಬೆಳಚನ್ನು ತಿಂದೀತೆಂದು, ಮಾರುವವಳು ಅದರ ಕಚ್ಚುವ ಕಾಲುಗಳಿಗೆ ಕಟ್ಟಿದ್ದ ದಾರವನ್ನು ಅವನು ಬಿಚ್ಚಲೇ ಇಲ್ಲ. ಬದಲಿಗೆ ಕಡ್ಡಿಗೆ ಮೀನಿನ ಚೂರು ಸಿಕ್ಕಿಸಿ ತಾನೇ ತುತ್ತು ಕೊಟ್ಟ.

"ಬಾಣಂತನದಲ್ಲೂ ನಂಗೆ ಹಿಂಗೆ ತುತ್ತು ಕೊಡ್ಲಿಲ್ಲ ನೀವು!" ಎಂದಳು ಹೆಂಡತಿ ಮಾಲಿನಿ.

ಆದರೆ ಆಪತ್ತು ಬಂದದ್ದು ಏಡಿಯಿಂದಲ್ಲ, ಅಡುಗೆಮನೆಯಿಂದ. ಬೆಳಚು ಬೇಯಿಸುವ ಮುನ್ನ ಬಾಯಿ ತೆರೆದದ್ದನ್ನು ತಟ್ಟಿ ನೋಡುವುದು ನಮ್ಮ ಕಡೆಯ ಪದ್ಧತಿ. ಮುಚ್ಚಿದರೆ ಜೀವ ಇದೆ, ಮುಚ್ಚದಿದ್ದರೆ ಎಸೆ! ತೊಟ್ಟಿಯ ಬೆಳಚುಗಳು ಬೆಳಿಗ್ಗೆ ಆರಾಮಾಗಿ ಬಾಯಿ ತೆರೆದು ಕೂತದ್ದನ್ನು ಕಂಡು ಕೃಷ್ಣಾನಂದ ಅಡುಗೆಮನೆಗೆ ಓಡಿದ. ಚಮಚ ತಂದು ಟಕ್! ಮುಚ್ಚಿತು. ಬದುಕಿದೆ! ಅಂದಿನಿಂದ ಆಫೀಸಿಗೆ ಹೊರಡುವಾಗ ಟಕ್, ಬಂದೊಡನೆ ಟಕ್, ಚಾ ಕುಡಿಯುತ್ತ ಟಕ್. ದೊಡ್ಡಾಸ್ಪತ್ರೆಯ ಡಾಕ್ಟರೂ ಅಷ್ಟು ರೌಂಡ್ಸ್ ಹೊಡೆದಿರಲಿಕ್ಕಿಲ್ಲ!

ಬಾಯಿ ತೆರೆದು ನೀರು ಎಳೆದುಕೊಂಡರಲ್ಲವೇ ಬೆಳಚಿನ ಹೊಟ್ಟೆಗೆ ಏನಾದರೂ ಸೇರುವುದು? ಒಂದೊಂದಾಗಿ ಸೊರಗಿ, ಟಕ್ ಎಂದರೂ ಮುಚ್ಚದಾದವು.

"ಅಲ್ರಾ, ನೀವು ತುತ್ತು ಎತ್ತಿದಾಗೆಲ್ಲ ತಲೆ ಮೇಲೆ ಚಮಚದಲ್ಲಿ ಹೊಡದ್ರೆ ನೀವು ಬದುಕ್ತಿದ್ರಾ?" ಎಂದು ಮಾಲಿನಿ ಚಮಚ ಕಿತ್ತುಕೊಂಡಳು. ಆಗ ಉಳಿದದ್ದು ಒಂದೇ ಬೆಳಚು. ಕೃಷ್ಣಾನಂದನ ಹಠ ಮಾತ್ರ ಇಡಿಯಾಗಿಯೇ ಇತ್ತು.

ಚೌತಿಯ ಮಾರನೆ ಬೆಳಿಗ್ಗೆ ಹರಿಹರ ಸಾಬೂನು, ಕ್ಷೌರದ ಕತ್ತಿ ಸಮೇತ ಹಾಜರಾದ. ನೀರು ಬದಲಿಸಲೆಂದು ತೊಟ್ಟಿಯನ್ನು ಮುಕ್ಕಾಲು ಖಾಲಿ ಮಾಡಿಯಾಗಿತ್ತು. ಬೆಳಚು ಬಾಯಿ ತೆರೆದು ಬಿದ್ದಿತ್ತು.

"ಸತ್ತೇ ಹೋತು, ಭಾವ!"

"ಜೀವ ಅದೆ! ಉಸಿರು ಆಡ್ತದೆ, ಕಾಣು!" ಎಂದು ಕೃಷ್ಣಾನಂದ ತೊಟ್ಟಿಯೊಳಗೆ ತಲೆ ತೂರಿಸಿ ಬಗ್ಗಿದ, ಇನ್ನೂ ಬಗ್ಗಿದ. ಮೀಸೆಯ ಬಲತುದಿ ನೀರಿಗಿಳಿದು, ತೆರೆದ ಚಿಪ್ಪಿನೊಳಗೆ ಹೋಯಿತು.

ಟಪ್!

"ಅಯ್ಯಯ್ಯೋ!" ಎಂದು ತಲೆ ಎತ್ತಿದರೆ ಮೀಸೆಯಲ್ಲಿ ಬೆಳಚು ಲೋಲಾಕಿನಂತೆ ತೂಗಾಡುತ್ತಿದೆ! ಜೀವ ಇರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಗೆದ್ದೆ! ಗೆದ್ದೆ!"

"ಆತು, ಗೆದ್ರಿ. ಸುತ್ತಿಗೆ ತತ್ತೆ, ಚಿಪ್ಪು ಒಡೀವ" ಎಂದ ಹರಿಹರ.

"ಒಡದ್ರೆ ಬೆಳಚು ಸಾಯ್ತದೆ! ಸತ್ತರೆ ಮೀಸೆ ಬೋಳಿಸ್ಬೇಕು!"

"ಹಂಗಾರೆ ಮೀಸೆ ಕತ್ತರ್ಸ್ವ?"

"ಗೆದ್ದವನ ಮೀಸೆ ಕತ್ತರಿಸೂದೆಂತ!"

ಮಾಲಿನಿ ಹೊಲಿಗೆಯ ಕತ್ತರಿ ತಂದಳು. "ಇಷ್ಟು ದಿನ ಅದರ ಜೀವ ತೆಗದ್ರಿ, ಇವತ್ತಾದ್ರೂ ಉಳಸಿ. ಅಲುಗಬೇಡಿ!" ಕಚಕ್! ಅರ್ಧ ಮೀಸೆ ಹೊತ್ತು ಕುಮಟೆ ಪೇಟೆ ತಿರುಗುವುದುಂಟೆ? ಉಳಿದರ್ಧವನ್ನು ಹರಿಹರನ ಕತ್ತಿ ಮುಗಿಸಿತು.

ಕೃಷ್ಣಾನಂದ ಬೋಳು ಮುಖದಲ್ಲೇ ಬೆಳಚನ್ನು ಅಂಗೈ ಮೇಲಿಟ್ಟು, ಮೂಗಿನ ಹತ್ತಿರ ತಂದು ಹೇಳಿದ: "ಕಂಡ್ಯಾ? ನಿನ್ನ ಬದುಕಿಸಿದವ ನಾನು!"

ಬೆಳಚು ಮೆಲ್ಲಗೆ ಬಾಯಿ ತೆರೆಯಿತು. ಮೀಸೆಯ ತುಣುಕನ್ನು ಮರಳಿನಂತೆ ಹೊರಗೆ ನೂಕಿತು. ಆಮೇಲೆ, ಮೀಸೆ ಇದ್ದ ಜಾಗಕ್ಕೇ ಗುರಿಯಿಟ್ಟು, ಪಿಚಕ್ಕೆಂದು ಉಗುಳಿತು.