ಅತ್ತೆಯ ಉಸಿರು, ನನ್ನ ಹನ್ನೊಂದು ಪುಟ

ಕ್ಷಮೆ ಕೇಳುವುದು ಸುಲಭ ಎನ್ನುವವರು ಖಂಡಿತ ನಮ್ಮ ಡುಲೂತ್ ಊರಿನವರಲ್ಲ. ಮಿನ್ನೆಸೋಟದ ಈ ಚಳಿಯಲ್ಲಿ ನಾವು ಕಾಫಿ ಕುಡಿಯುವುದಕ್ಕೆ ಮಾತ್ರ ಬಾಯಿ ತೆರೆಯುವ ಜನ. ನಮ್ಮಪ್ಪ ಅಮ್ಮನಿಗೆ ಜೀವಮಾನದಲ್ಲಿ ಒಮ್ಮೆ ಪ್ರೀತಿ ತೋರಿಸಿದರು, ಅದೂ ಅವಳ ಕಾರಿನ ಗಾಜಿನ ಮೇಲಿದ್ದ ಹಿಮ ಕೆರೆದುಕೊಟ್ಟು. ಅಂಥ ವಂಶದ ಕುಡಿಯಾದ ನಾನು, ಆರ್ವಿಡ್ ಲೊಕ್ಕೆನ್, ಹೆಂಡತಿಯ ಹತ್ತಿರ ತಪ್ಪೊಪ್ಪಿಕೊಳ್ಳಲು ಹೊರಟೆ. ಹೊರಡದಿದ್ದರೆ ಚೆನ್ನಾಗಿತ್ತು.

ತಪ್ಪು ನಡೆದದ್ದು ಚರ್ಚಿನ ನೆಲಮಾಳಿಗೆಯ ಊಟದಲ್ಲಿ. ನನ್ನ ಹೆಂಡತಿ ಮಾರಿತ್ ಲೆಫ್ಸ ಮಾಡಿ ತಂದಿದ್ದಳು. ಅದು ಆಲೂಗಡ್ಡೆಯ ತೆಳು ರೊಟ್ಟಿ (ತೆಳು ಎನ್ನುವುದೇ ಇಲ್ಲಿ ವ್ಯಾಜ್ಯದ ಮೂಲ). ಆರು ಜನ ಹೆಂಗಸರ ಎದುರು ನಾನು, ಇದು ನನ್ನ ಬೂಟಿನ ಅಟ್ಟೆಗಿಂತ ದಪ್ಪ, ನಮ್ಮ ಅತ್ತೆಯ ಕೈಗುಣ ಮಗಳಿಗೆ ಬರಲಿಲ್ಲ ಎಂದುಬಿಟ್ಟೆ. ಹೆಂಗಸರು ನಕ್ಕರು. ಮಾರಿತ್ ಕೂಡ ನಕ್ಕಳು. ಆಮೇಲೆ ಒಂಬತ್ತು ದಿನ ನನ್ನನ್ನು ಅಪಾರ ಮರ್ಯಾದೆಯಿಂದ ನಡೆಸಿಕೊಂಡಳು. ಉಪ್ಪು ಕೊಟ್ಟರೆ ಧನ್ಯವಾದ, ಬಾಗಿಲು ತೆಗೆದರೆ ಧನ್ಯವಾದ. ನಮ್ಮ ಕಡೆ ಗಂಡ ಹೆಂಡತಿಯರ ನಡುವೆ ಇದಕ್ಕಿಂತ ಘೋರ ಯುದ್ಧವಿಲ್ಲ.

ಹತ್ತನೆಯ ದಿನ ನನ್ನ ತಲೆಯಲ್ಲಿ ಆ ದಿವ್ಯ ಉಪಾಯ ಉದಯಿಸಿತು. ಸದ್ದಿನೊಳಗೆ ಗುಟ್ಟಿಡುವುದೇ ನನ್ನ ಹೊಟ್ಟೆಪಾಡು. ಕಂಪ್ಯೂಟರಿಗೆ ಹಾಡೆಂದರೆ ಸಂಖ್ಯೆಗಳ ಉದ್ದನೆಯ ಸಾಲು. ಒಂದೊಂದು ಸಂಖ್ಯೆಯ ಕೊನೆಯ ಅಂಕಿಯನ್ನು ಬದಲಿಸಿದರೂ ಕಿವಿಗೆ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನಮ್ಮ ಮಾತನ್ನು ಬೀಗ ಹಾಕಿ ತುರುಕುತ್ತೇವೆ. ಕೇಳುವವರಿಗೆ ಅದು ಹಾಡು, ಬೀಗದ ಕೈ ಇದ್ದವರಿಗೆ ಪತ್ರ. ಬಾಯಿಂದ ಹೇಳಲಾರದ್ದನ್ನು ಹೀಗೆ ಹೇಳಬಾರದೇಕೆ? ಅದೂ ಯಾವುದೋ ಹಾಡಿನೊಳಗಲ್ಲ, ತೀರಿಹೋದ ಅವಳಮ್ಮ ಬೋರ್ಗಿಲ್ಡ್ ಅವರ ಹಾಡಿನೊಳಗೆ.

ಎರಡು ನಿಮಿಷದ ಹಾಡು ಅದು. ಅತ್ತೆ ಅಡುಗೆಮನೆಯಲ್ಲಿ ಲೆಫ್ಸ ಲಟ್ಟಿಸುತ್ತ ಗುನುಗಿದ್ದನ್ನು ಮಾರಿತ್ ಹುಡುಗಿಯಾಗಿದ್ದಾಗ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಳು. ಅತ್ತೆಯ ದನಿಯೆಂದು ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಕ್ಯಾಸೆಟ್ಟು ಎಂದೋ ಹಾಳಾಗಿ, ಕಂಪ್ಯೂಟರಿನಲ್ಲಿ ಪ್ರತಿ ಉಳಿದಿತ್ತು. ಪ್ರತಿ ಭಾನುವಾರ ಚರ್ಚಿನಿಂದ ಬಂದು, ಕಾಫಿ ಹಿಡಿದು, ಅವಳು ಅದನ್ನು ಕೇಳುವುದು ವಾಡಿಕೆ. ಕೇಳಿ ಮುಗಿದ ಮೇಲೆ ನಾನು ಒಂದು ಗುಂಡಿ ಒತ್ತುವುದು, ತಾಯಿಯ ಹಾಡಿನಿಂದ ಗಂಡನ ಪತ್ರ ಅರಳುವುದು, ಅವಳ ಕಣ್ಣು ತುಂಬುವುದು ಎಂದು ಲೆಕ್ಕ ಹಾಕಿದ್ದೆ.

ಪತ್ರ ಹನ್ನೊಂದು ಪುಟವಾಯಿತು. ಬರೀ ಪತ್ರವಾಗಿದ್ದರೆ ಕೊನೆಯ ಅಂಕಿಗಳಲ್ಲೇ ಹಿಡಿಯುತ್ತಿತ್ತು. ನಾನು ಸಾಕ್ಷಿಗೆಂದು ಫೋಟೋಗಳನ್ನೂ ಸೇರಿಸಿದೆ: ಲೆಫ್ಸದ ಪಕ್ಕ ಅಳತೆಪಟ್ಟಿ, ಲೆಫ್ಸದ ಪಕ್ಕ ಬೂಟು. (ತಪ್ಪೊಪ್ಪಿಗೆಯಲ್ಲಿ ಸಾಕ್ಷಿ ಯಾಕೆ ಎಂದು ಆಗ ಕೇಳುವವರು ಯಾರೂ ಇರಲಿಲ್ಲ.) ಜಾಗ ಸಾಲದೆ ಇನ್ನೊಂದು ಅಂಕಿ ತೆಗೆದುಕೊಂಡೆ, ಮತ್ತೊಂದು, ಮಗದೊಂದು. ನನ್ನ ಐವತ್ತೆಂಟು ವರ್ಷದ ಕಿವಿಗೆ ವ್ಯತ್ಯಾಸವೇ ಕೇಳಿಸಲಿಲ್ಲ.

ಇನ್ನು ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಗುಟ್ಟು ತುಂಬಿದ ಮೇಲೆ ಮೂಲ ಪ್ರತಿ ಎಲ್ಲೂ ಉಳಿಯಕೂಡದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಮನೆಯ ಕಂಪ್ಯೂಟರು, ಅವಳ ಫೋನು, ಕಪಾಟಿನ ಹಳೆಯ ಡಿಸ್ಕು, ಎಲ್ಲ ಕಡೆ ಅಳಿಸಿ ಹೊಸದನ್ನು ಇಟ್ಟೆ. ನಾದಿನಿ ಇಂಗಾಳ ಹತ್ತಿರ ಒಂದು ಪ್ರತಿಯಿದ್ದದ್ದು ನೆನಪಾಗಿ, ಅವಳ ಪ್ರಿಂಟರ್ ಸರಿಮಾಡುವ ನೆಪದಲ್ಲಿ ನಲವತ್ತು ಮೈಲಿ ಹಿಮದಲ್ಲಿ ಹೋಗಿ ಅದನ್ನೂ ಬದಲಿಸಿ ಬಂದೆ. ಪ್ರಿಂಟರನ್ನು ಮಾತ್ರ ಸರಿಮಾಡಲಾಗಲಿಲ್ಲ.

ಭಾನುವಾರ ಬಂತು. ಮಾರಿತ್ ಕಾಫಿ ಹಿಡಿದು ಕೂತಳು. ಹಾಡು ಶುರುವಾಯಿತು. ಅವಳು ತಲೆ ಎತ್ತಿದಳು, ನಿಲ್ಲಿಸಿದಳು, ಮತ್ತೆ ಮೊದಲಿಂದ ಹಾಕಿದಳು.

"ಅಮ್ಮ ಉಸಿರು ತಗೊಳ್ತಿಲ್ಲ," ಎಂದಳು.

ನನಗೆ ಅರ್ಥವಾಗಲಿಲ್ಲ. ಪ್ರತಿ ಸಾಲಿಗೆ ಮುಂಚೆ ಅಮ್ಮ ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಿದ್ದಳಂತೆ. ಮೂರನೆಯ ಸಾಲಿನ ಮುಂಚೆ ಹಿಟ್ಟು ಮೂಗಿಗೆ ಹೋಗಿ ಒಮ್ಮೆ ಸೊರ್ ಎನ್ನುತ್ತಿದ್ದಳಂತೆ. ಹಾಡು ಯಾರು ಬೇಕಾದರೂ ಹಾಡಬಹುದು, ತಾನು ಇಷ್ಟು ವರ್ಷ ಕೇಳುತ್ತಿದ್ದದ್ದು ಆ ಉಸಿರನ್ನೇ ಎಂದಳು. ಈಗ ಅಲ್ಲಿ ಬರೀ ಸರ್ರ್ ಎಂಬ ಸದ್ದು. ಏನೂ ಇಲ್ಲ ಎಂದು ನಾನು ತಿಳಿದಿದ್ದ ಆ ಕೊನೆಯ ಅಂಕಿಗಳಲ್ಲೇ ಅತ್ತೆ ಉಸಿರಾಡುತ್ತಿದ್ದರು.

ಸ್ಪೀಕರಿನಲ್ಲಿ ಧೂಳಿರಬೇಕು ಎಂದೆ. ಹೇಡಿತನಕ್ಕೂ ಒಂದು ಮಿತಿ ಬೇಕು, ನನಗೆ ಇರಲಿಲ್ಲ.

ಅವಳು ಕಾಫಿಯನ್ನು ಪಕ್ಕಕ್ಕಿಟ್ಟಳು. "ಧೂಳಲ್ಲ ಬಿಡು. ಕೇಳೀ ಕೇಳೀ ನಾನೇ ಸವೆಸಿಬಿಟ್ಟೆ ಅನ್ಸುತ್ತೆ," ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮೊದಲಿನದು ಎಲ್ಲಿದೆ ಎಂದು ಕೇಳಿದಳು, ನಿಯಮ ಹೇಳಿದೆ. ಇಂಗಾಳ ಹತ್ತಿರ ಇದೆಯಲ್ಲ ಎಂದಳು, ಪ್ರಿಂಟರಿನ ಕಥೆ ಹೇಳಿದೆ. ಪತ್ರ ತೆಗೆದು ಹೊಸ ಅಂಕಿ ಅಳಿಸಿದರೂ ಹಳೆಯ ಅಂಕಿ ವಾಪಸು ಬರುವುದಿಲ್ಲ, ಯಾಕೆಂದರೆ ಅದನ್ನು ನಾನು ಎಲ್ಲೂ ಬರೆದಿಟ್ಟಿಲ್ಲ ಎಂದೂ ಹೇಳಿದೆ.

ಪತ್ರ ತೋರಿಸು ಎಂದಳು. ಗುಂಡಿ ಒತ್ತಿದೆ. ಕನ್ನಡಕ ಹಾಕಿಕೊಂಡು ಹನ್ನೊಂದು ಪುಟವನ್ನೂ ಓದಿದಳು, ಅಳತೆಪಟ್ಟಿಯನ್ನೂ ಬೂಟನ್ನೂ ಸಾವಕಾಶವಾಗಿ ನೋಡಿದಳು.

"ಕ್ಷಮೆ ಎಲ್ಲಿ ಕೇಳಿದ್ದೀಯ ಇದ್ರಲ್ಲಿ?"

ಕೊನೆಯ ಪುಟದ ಕೊನೆಯ ಸಾಲು ತೋರಿಸಿದೆ.

"ಬಾಯಲ್ಲಿ ಹೇಳು."

"ತಪ್ಪಾಯ್ತು, ಮಾರಿತ್."

"ಇಷ್ಟಕ್ಕೆ ನಮ್ಮಮ್ಮನ ಉಸಿರು ನಿಲ್ಲಿಸಬೇಕಿತ್ತಾ, ಮಾರಾಯ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇಂದಿಗೂ ಸಂಕಟ.

ಅಂದಿನಿಂದ ಮನೆಯಲ್ಲಿ ಧನ್ಯವಾದಗಳು ನಿಂತಿವೆ, ಉಪ್ಪನ್ನು ನಾನೇ ಎದ್ದು ತೆಗೆದುಕೊಳ್ಳಬೇಕು. ಭಾನುವಾರದ ಹಾಡು ಮಾತ್ರ ನಿಂತಿಲ್ಲ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಸಾಲು ಶುರುವಾಗುವ ಮುಂಚೆ ಮೊಣಕೈಯಿಂದ ತಿವಿಯುತ್ತಾಳೆ, ನಾನು ಮೆಲ್ಲಗೆ ಉಸಿರು ಎಳೆದುಕೊಳ್ಳಬೇಕು. ಅವಳು ಕಣ್ಣು ಮುಚ್ಚಿಕೊಂಡಿರುತ್ತಾಳೆ. ಮೂರನೆಯ ಸಾಲಿಗೆ ಸೊರ್ ಎಂದು ಮೂಗೂ ಎಳೆಯಬೇಕು. ಕಳೆದ ವಾರ ಅದು ಚೂರು ತಡವಾಯಿತು. ಅವಳು ಹಾಡನ್ನು ಮತ್ತೆ ಮೊದಲಿಂದ ಹಾಕಿದಳು.